ಓಡುವ ಪಟ್ಟಿಯ ಮೇಲೆ ಎಂಟು ನಿಮಿಷ

"ಅಣ್ಣಾ, ಮೂವತ್ತು ವರ್ಷದಿಂದ ನಾನು ಟಿಎಂಟಿ ಮಾರಕತ್ತೀನಿ. ಇವತ್ತು ಡಾಕ್ಟ್ರು ನನಗೇ ಟಿಎಂಟಿ ಬರದಾರ ನೋಡ್ರಿ!"

ರಾಯಚೂರಿನ ಒಂದು ದವಾಖಾನೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಗದ್ವಾಲದ ಸಿಮೆಂಟು-ಕಬ್ಬಿಣದ ವ್ಯಾಪಾರಿಯೊಬ್ಬರು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೀಗೆಂದಾಗ ಆ ಚಿಂತೆಯಲ್ಲೂ ನನಗೆ ನಗು ಬಂತು. ಅದು 2022ರ ನವೆಂಬರ್, ಹತ್ತಿ ಬಿಡಿಸುವ ಕಾಲ. ನನ್ನ ಕೈಯಲ್ಲೂ ಅದೇ ಮೂರಕ್ಷರದ ಚೀಟಿ ಇತ್ತು. ಮನೆ ಕಟ್ಟಿಸಿದವರಿಗೆಲ್ಲ ಟಿಎಂಟಿ ಎಂದರೆ ಸ್ಲ್ಯಾಬಿಗೆ ಹಾಕುವ ಕಬ್ಬಿಣದ ರಾಡು. ದವಾಖಾನೆಯ ಟಿಎಂಟಿ ಬೇರೆ. ಅದು ಟ್ರೆಡ್‌ಮಿಲ್ ಟೆಸ್ಟು. ಓಡುವ ರಬ್ಬರ್ ಪಟ್ಟಿಯ ಮೇಲೆ ನಮ್ಮನ್ನು ನಡೆಸಿ, ದುಡಿಯುವಾಗ ಗುಂಡಿಗೆ ಏನು ಹೇಳುತ್ತದೆ ಎಂದು ಕಾಗದದ ಮೇಲೆ ಬರೆಸಿಕೊಳ್ಳುವ ಪರೀಕ್ಷೆ.

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಎಷ್ಟೋ ಮಂದಿ ಈ ಚೀಟಿ ಹಿಡಿದು ಹೊಳೆಯ ಆಚೆ ರಾಯಚೂರಿಗೋ, ಈಚೆ ಮಹಬೂಬನಗರ, ಹೈದರಾಬಾದಿಗೋ ಹೋಗುತ್ತಾರೆ. ಹೋಗುವ ಮುಂಚೆ ಒಳಗೆ ಏನು ನಡೆಯುತ್ತದೆ ಎಂದು ಯಾರೂ ಬಿಡಿಸಿ ಹೇಳಿರುವುದಿಲ್ಲ. ನಾನು ಡಾಕ್ಟರನಲ್ಲ. ಎಸ್ಸೆಸ್ಸೆಲ್ಸಿ ಓದಿದ ರೈತ, ಎರಡು ಭಾಷೆಯಲ್ಲಿ ನಾಲ್ಕು ಸಾಲು ಕವಿತೆ ಬರೆಯುವವನು. ಆದರೆ ಆ ಪಟ್ಟಿಯ ಮೇಲೆ ನಡೆದು ಬಂದವನು. ಆಮೇಲೆ ಡಾಕ್ಟರುಗಳನ್ನು ಕೇಳಿ ಕೇಳಿ ತಿಳಿದುಕೊಂಡವನು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಿಂತ ಬಂಡಿ ಸಪ್ಪಳ ಮಾಡದು

ನಮ್ಮೂರು ಮಕ್ತಲ್ ಕಡೆ. ಸರ್ಕಾರದ ಕಾಗದ ತೆಲುಗಿನಲ್ಲಿ, ಮನೆಯ ಮಾತು ಕನ್ನಡದಲ್ಲಿ, ಬೀಗತನ ಎರಡೂ ಕಡೆ. ಆ ವರ್ಷ ಹತ್ತಿಗೆ ಎಣ್ಣೆ ಹೊಡೆಯುವಾಗ, ಹದಿನಾರು ಲೀಟರಿನ ಪಂಪು ಬೆನ್ನಿಗೇರಿಸಿ ನಾಲ್ಕು ಸಾಲು ನಡೆದರೆ ಸಾಕು, ಎದೆಯ ನಡುವೆ ಯಾರೋ ಮೊಣಕೈ ಊರಿದ ಹಾಗೆ ಆಗುತ್ತಿತ್ತು. ಬದುವಿನ ಮೇಲೆ ಐದು ನಿಮಿಷ ಕೂತರೆ ಮಾಯ. ಮತ್ತೆ ಎದ್ದು ನಡೆದರೆ ಮತ್ತೆ ಅದೇ. ನಾನು ಅದಕ್ಕೆ 'ಗ್ಯಾಸ್' ಎಂದು ಹೆಸರಿಟ್ಟೆ. ಸೋಡಾ ಕುಡಿದೆ, ಅಜವಾನ ಅಗಿದೆ, ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿದೆ. ಎರಡು ತಿಂಗಳು ಹೀಗೇ ಹೋಯಿತು.

ಕೊನೆಗೆ ಊರ ಸಮೀಪದ ದವಾಖಾನೆಯಲ್ಲಿ ಇಸಿಜಿ ಮಾಡಿಸಿದೆ. ನಾರ್ಮಲ್ ಬಂತು. ಖುಷಿಯಿಂದ ಮನೆಗೆ ಬಂದರೆ ನನ್ನ ಹೆಂಡತಿ ಒಂದೇ ಮಾತು ಕೇಳಿದಳು: "ನಿಂತ ಬಂಡಿ ಗಾಲಿ ಸಪ್ಪಳ ಮಾಡ್ತದೇನ್ರಿ? ನಡದಾಗ ನೋಯ್ತದ ಅಂತೀರಿ, ಅವರು ಮಲಗಿಸಿ ನೋಡ್ಯಾರ."

ಮರುದಿನ ರಾಯಚೂರಿನ ಡಾಕ್ಟರಿಗೆ ಈ ಮಾತು ಹೇಳಿದಾಗ ಅವರು, "ನಿಮ್ಮ ಮನೆಯವರು ಸರಿಯಾಗೇ ಹೇಳ್ಯಾರ" ಎಂದು ನಕ್ಕು ಟಿಎಂಟಿ ಬರೆದರು.

ಗುಂಡಿಗೆ ಮೈಗೆಲ್ಲ ರಕ್ತ ಹಾಯಿಸುತ್ತದೆ. ಅದಕ್ಕೂ ರಕ್ತ ಬೇಕು. ಅದು ಬರುವುದು ಅದರ ಮೇಲೇ ಹಬ್ಬಿರುವ ಸಣ್ಣ ನಾಳಗಳಿಂದ. ಆ ನಾಳದೊಳಗೆ ಕೊಬ್ಬು ಕಟ್ಟಿ ಹಾದಿ ಕಿರಿದಾದರೂ, ಕೂತಾಗ ಮಲಗಿದಾಗ ಬೇಕಾಗುವ ರಕ್ತ ಕಡಿಮೆಯಾದ್ದರಿಂದ ಏನೂ ಗೊತ್ತಾಗುವುದಿಲ್ಲ. ದುಡಿಯುವಾಗ ಬೇಡಿಕೆ ಮೂರ್ನಾಲ್ಕು ಪಟ್ಟು ಏರುತ್ತದೆ, ಆಗ ಕೊರತೆ ಬೀಳುತ್ತದೆ. ರಾಜೋಳಿಬಂಡ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೂಳು ತುಂಬಿದ ಕಾಲುವೆಯಲ್ಲಿ ಒಬ್ಬರು ಇಬ್ಬರು ನೀರು ಕಟ್ಟುವಾಗ ಎಲ್ಲ ಸರಿ ಇರುತ್ತದೆ. ಎಲ್ಲರೂ ಒಟ್ಟಿಗೆ ನಾಟಿಗೆ ಇಳಿದಾಗ ಕೊನೆಯ ಹೊಲ ಒಣಗುತ್ತದೆ. ಟಿಎಂಟಿ ಎಂದರೆ ಬೇಕೆಂದೇ ನಾಟಿಯ ಕಾಲ ತರಿಸಿ ಕೊನೆಯ ಹೊಲ ನೋಡುವುದು.

ಹೋಗುವ ಮುಂಚೆ

ಪರೀಕ್ಷೆಗೆ ಎರಡು ಮೂರು ತಾಸು ಮುಂಚೆ ಹೊಟ್ಟೆ ತುಂಬ ಉಣ್ಣಬಾರದು. ನೀರು ಕುಡಿಯಬಹುದು. ಚಹಾ, ಕಾಫಿ ಆ ದಿನ ಬೇಡ. ಬೀಡಿ, ಸಿಗರೇಟು, ಗುಟಕಾ ಕೂಡ ಬೇಡ. ಸಕ್ಕರೆ ರೋಗದವರು ಉಪವಾಸ ಹೋಗಿ ತಲೆ ತಿರುಗಿ ಬೀಳುವುದುಂಟು. ಗುಳಿಗೆ, ಇನ್ಸುಲಿನ್ ಹೇಗೆ ತಗೋಬೇಕೆಂದು ಮುಂಚಿನ ದಿನವೇ ಕೇಳಿಕೊಳ್ಳಬೇಕು.

ಬಿಪಿ ಗುಳಿಗೆಗಳಲ್ಲಿ ಕೆಲವು, ಮೆಟೊಪ್ರೊಲಾಲ್, ಅಟೆನೊಲಾಲ್ ಇಂಥವು, ನಾಡಿಯ ಓಟವನ್ನು ಹಿಡಿದಿಡುತ್ತವೆ. ಅವನ್ನು ನುಂಗಿ ಹೋದರೆ ಎದೆಬಡಿತ ಬೇಕಾದಷ್ಟು ಏರದೆ ಪರೀಕ್ಷೆ ಅರ್ಧಕ್ಕೇ ಉಳಿಯಬಹುದು. ಹಾಗೆಂದು ನಾವೇ ಬಿಡುವುದೂ ಅಪಾಯ. ಬಿಡಬೇಕೋ, ಬಿಟ್ಟರೆ ಎಷ್ಟು ದಿನ ಎಂಬುದನ್ನು ಡಾಕ್ಟರೇ ಹೇಳಬೇಕು. ನುಂಗುವ ಗುಳಿಗೆಯ ಚೀಟಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿರಿ.

ಧೋತರ ಉಟ್ಟು ಹೋದವರಿಗೆ ಅಲ್ಲಿ ಪೇಚಾಟ. ಪಟ್ಟಿಯ ಮೇಲೆ ಅಂಚು ಕಾಲಿಗೆ ಸಿಕ್ಕುತ್ತದೆ. ಸಡಿಲ ಪೈಜಾಮವೋ ಪ್ಯಾಂಟೋ ಇರಲಿ, ಕಾಲಿಗೆ ಜಾರದ ಬೂಟು ಇರಲಿ. ಚಪ್ಪಲಿ ನಡೆಯದು. ಹೆಣ್ಣುಮಕ್ಕಳು ಸೀರೆಗಿಂತ ಚೂಡಿದಾರ ಹಾಕಿಕೊಂಡು ಹೋಗುವುದು ಲೇಸು. ಒಳಗೆ ಹೆಂಗಸು ಸಿಬ್ಬಂದಿ ಬೇಕೆಂದು ಕೇಳುವುದರಲ್ಲಿ ಸಂಕೋಚ ಏನೂ ಇಲ್ಲ.

ಒಳಗೆ ನಡೆಯುವುದು

ಮೊದಲು ಅಂಗಿ ಬಿಚ್ಚಿಸುತ್ತಾರೆ. ಎದೆಯ ಕೂದಲು ಅಲ್ಲಲ್ಲಿ ಬೋಳಿಸುತ್ತಾರೆ. ಸ್ಪಿರಿಟ್ ಹಚ್ಚಿ ಉಜ್ಜಿ, ಬಿಲ್ಲೆಗಳನ್ನು ಅಂಟಿಸಿ ಹತ್ತು ವೈರು ಜೋಡಿಸುತ್ತಾರೆ. ಕರೆಂಟ್ ಕೊಡುತ್ತಾರೆಂದು ನಮ್ಮ ಕಡೆಯ ಹಿರಿಯರು ಹೆದರುತ್ತಾರೆ. ಆ ವೈರು ಕರೆಂಟ್ ಕೊಡುವುದಿಲ್ಲ, ಗುಂಡಿಗೆಯಲ್ಲೇ ಹುಟ್ಟುವ ಅತಿ ಸಣ್ಣ ಕರೆಂಟನ್ನು ಅಳೆಯುತ್ತದೆ. ಆ ಅಳತೆಯ ವಿದ್ಯೆಗೇ ಹಾಲೆಂಡಿನ ವಿಲೆಮ್ ಐಂಥೋವನ್ ಎಂಬ ವಿಜ್ಞಾನಿಗೆ 1924ರಲ್ಲಿ ನೊಬೆಲ್ ಬಹುಮಾನ ಬಂತು.

ತೋಳಿಗೆ ಬಿಪಿ ಪಟ್ಟಿ ಕಟ್ಟುತ್ತಾರೆ. ಒಪ್ಪಿಗೆ ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದನ್ನು ಓದಿಸಿಕೊಂಡೇ ಸಹಿ ಹಾಕಿ. ಅಪಾಯ ಬಹಳ ಅಪರೂಪ, ಆದರೂ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅದಕ್ಕಾಗಿಯೇ ಪಕ್ಕದಲ್ಲಿ ಆಮ್ಲಜನಕ, ಗುಂಡಿಗೆ ಲಯ ತಪ್ಪಿದರೆ ಶಾಕ್ ಕೊಡುವ ಯಂತ್ರ ಇಟ್ಟಿರುತ್ತಾರೆ. ಡಾಕ್ಟರು ಹತ್ತಿರ ಇರಬೇಕು. ಇಲ್ಲದಿದ್ದರೆ ಕೇಳಿರಿ.

ಆಮೇಲೆ ಪಟ್ಟಿ ಓಡತೊಡಗುತ್ತದೆ. ಸಾಮಾನ್ಯವಾಗಿ ನಡೆಸುವ ಕ್ರಮಕ್ಕೆ ಬ್ರೂಸ್ ಎಂದು ಹೆಸರು. ಅಮೆರಿಕದ ಸಿಯಾಟಲ್‌ನ ಡಾಕ್ಟರ್ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಮೂರು ನಿಮಿಷಕ್ಕೊಂದು ಹಂತ. ಮೊದಲ ಹಂತದಲ್ಲಿ ತಾಸಿಗೆ 2.7 ಕಿಲೋಮೀಟರ್ ವೇಗ. ನೂರು ಅಡಿ ನಡೆದರೆ ಹತ್ತು ಅಡಿ ಏರಿದಷ್ಟು ಇಳಿಜಾರು. ಕೆರೆಯ ಏರಿಯನ್ನು ಮೆಲ್ಲಗೆ ಹತ್ತಿದ ಹಾಗೆ. ಎರಡನೆಯದರಲ್ಲಿ 4 ಕಿಲೋಮೀಟರ್, ಏರು ನೂರಕ್ಕೆ ಹನ್ನೆರಡು. ಮೂರನೆಯದರಲ್ಲಿ 5.5 ಕಿಲೋಮೀಟರ್, ಏರು ಹದಿನಾಲ್ಕು. ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಬಂದು ನಿಂತಾಗ ನಡೆಯುತ್ತೇವಲ್ಲ, ಆ ನಡಿಗೆ, ಅದೂ ಏರಿನಲ್ಲಿ. ನಾಲ್ಕನೆಯ ಹಂತಕ್ಕೆ ಬಂದರೆ ನಡಿಗೆ ಸಾಲದು, ಓಡಬೇಕಾದೀತು. ಪ್ರತಿ ಹಂತಕ್ಕೂ ಬಿಪಿ ನೋಡುತ್ತಾರೆ. ಇಸಿಜಿಯ ಗೆರೆ ಪರದೆಯ ಮೇಲೆ ಓಡುತ್ತಲೇ ಇರುತ್ತದೆ.

ಎಷ್ಟು ಹೊತ್ತು? ವಯಸ್ಸಿನ ಲೆಕ್ಕ. 220ರಲ್ಲಿ ನಮ್ಮ ವಯಸ್ಸು ಕಳೆದು, ಉಳಿದದ್ದರಲ್ಲಿ ನೂರಕ್ಕೆ 85 ಪಾಲು. ಐವತ್ತೈದು ವಯಸ್ಸಿನವನಿಗೆ 165ರಲ್ಲಿ 85 ಪಾಲು, ಅಂದರೆ ನಿಮಿಷಕ್ಕೆ ಸುಮಾರು 140 ಬಡಿತ. ಕನಿಷ್ಠ ಅಷ್ಟು ಏರಿದರೆ ಪರೀಕ್ಷೆ ಸಾಕಷ್ಟು ಆಯಿತು ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ನಡೆಯುವುದು ಹೆಚ್ಚೆಂದರೆ ಏಳರಿಂದ ಹನ್ನೆರಡು ನಿಮಿಷ. ತಯಾರಿ, ವಿಶ್ರಾಂತಿ ಎಲ್ಲ ಸೇರಿ ಮುಕ್ಕಾಲು ತಾಸಿನಿಂದ ಒಂದು ತಾಸು. ಪಟ್ಟಿ ನಿಂತ ಕೂಡಲೇ ಕೆಲಸ ಮುಗಿಯದು. ದಣಿವಾರುವಾಗಲೂ ಕೆಲವು ನಿಮಿಷ ಗೆರೆ ನೋಡುತ್ತಾರೆ. ಕೆಲವರ ದೋಷ ಆಗಲೇ ಕಾಣುತ್ತದೆ. "ಆಯ್ತಲ್ಲ, ಬಿಚ್ರಿ" ಎಂದು ಅವಸರ ಮಾಡಬಾರದು.

ಓಡುವ ಪಟ್ಟಿಯ ಅಜ್ಜನ ಕಥೆಯೂ ಸ್ವಾರಸ್ಯ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ 1818ರಲ್ಲಿ ಜೈಲಿನ ಕೈದಿಗಳನ್ನು ದುಡಿಸಲು ತುಳಿಯುವ ಚಕ್ರ ಮಾಡಿಸಿದ. ಎಷ್ಟು ಮೆಟ್ಟಿಲು ಹತ್ತಿದರೂ ಇದ್ದಲ್ಲೇ ಇರುವ ಶಿಕ್ಷೆ. ಅಂಥದ್ದೇ ನಡಿಗೆ ಇವತ್ತು ಜೀವ ಉಳಿಸುವ ದಾರಿಯಾಗಿದೆ.

'ಆಯಾಸ'ದ ಎರಡು ಅರ್ಥ

ಇನ್ನು ನಮ್ಮ ಗಡಿಯವರಿಗೇ ಸೇರಿದ ಒಂದು ತೊಡಕು ಹೇಳಬೇಕು.

ನನ್ನ ಸಡ್ಡಕ ಒಬ್ಬರು ಕನ್ನಡ ಶಾಲೆಯಲ್ಲಿ ಓದಿದವರು. ಅವರು ತೆಲುಗು ಸೀಮೆಯ ಒಂದು ದವಾಖಾನೆಗೆ ಇದೇ ಪರೀಕ್ಷೆಗೆ ಹೋದರು. ಎರಡನೆಯ ಹಂತದಲ್ಲಿ ಅಲ್ಲಿನ ಹುಡುಗ ಕೇಳಿದ: "ಆಯಾಸಂ ವಸ್ತೋಂದಾ?" ಇವರು "ಔನು, ವಸ್ತಾಂದಿ" ಎಂದರು. ಕನ್ನಡದಲ್ಲಿ ಆಯಾಸ ಎಂದರೆ ದಣಿವು. ಏರು ನಡಿಗೆಯಲ್ಲಿ ದಣಿವು ಆಗದೆ ಇರುತ್ತದೆಯೇ? ಆದರೆ ತೆಲುಗಿನಲ್ಲಿ ಆಯಾಸಂ ಎಂದರೆ ಉಸಿರು ಕಟ್ಟಿ ಏದುವುದು. ಹುಡುಗ ಗಾಬರಿಯಾಗಿ ಪಟ್ಟಿ ನಿಲ್ಲಿಸಿದ. ಬಡಿತ ಬೇಕಾದಷ್ಟು ಏರಿರಲಿಲ್ಲ. ಪರೀಕ್ಷೆ ಅರ್ಧ ಆಯಿತು. ಇನ್ನೊಂದು ದಿನ, ಇನ್ನೊಂದು ಬಾರಿ ರೊಕ್ಕ.

ಇದರ ಉಲ್ಟಾ ಇನ್ನೂ ಕೆಟ್ಟದ್ದು. ತೆಲುಗಿನವರೊಬ್ಬರು ಕನ್ನಡ ದವಾಖಾನೆಯಲ್ಲಿ ಉಸಿರು ಸಿಗದೆ "ಆಯಾಸ" ಎಂದರೆ, ಕೇಳಿದವರು "ಬರೀ ದಣಿವು, ಇನ್ನೆರಡು ನಿಮಿಷ ನಡೀರಿ" ಎಂದಾರು.

ಎರಡು ಭಾಷೆಯ ಕವಿ ಎಂದು ಹೇಳಿಕೊಳ್ಳುವ ನಾನು ಈ ಒಂದು ಶಬ್ದವನ್ನು ಅದುವರೆಗೆ ತೂಗಿ ನೋಡಿರಲಿಲ್ಲ. ಗುಂಡಿಗೆ, ಗುಂಡೆ ಎರಡೂ ಒಂದೇ ಬೇರಿನ ಮಾತು. ಅಲ್ಲಿ ತೊಡಕಿಲ್ಲ. ಒಂದೇ ರೂಪ, ಬೇರೆ ಅರ್ಥ ಇರುವ ಮಾತೇ ಮೋಸ ಮಾಡುವುದು. ಆದ್ದರಿಂದ ಪಟ್ಟಿ ಹತ್ತುವ ಮುಂಚೆ ನಾಲ್ಕು ಮಾತು ಹೊಂದಿಸಿಕೊಳ್ಳಿ. ಉಸಿರಿನ ತೊಂದರೆಗೆ 'ದಮ್ಮು' ಎನ್ನಿ, ನಮ್ಮ ಸೀಮೆಯಲ್ಲಿ ಎರಡೂ ಕಡೆ ನಡೆಯುತ್ತದೆ. ಕಾಲು ಸೋತರೆ 'ಕಾಲು ಜಗ್ಗುತ್ತವೆ' ಎಂದು ಕಾಲನ್ನೇ ಹೆಸರಿಸಿ ಹೇಳಿ. ಎದೆ ಹಿಡಿದರೆ 'ಎದಿ ಹಿಡೀತದ' ಎನ್ನಿ, ತೆಲುಗಿನವರಿಗೆ 'ಛಾತಿ ಪಟ್ಟೇಸ್ತಾಂದಿ'. ತಲೆ ತಿರುಗಿದರೆ ಎರಡರಲ್ಲೂ ತಿರುಗುವುದೇ. ಮಾತು ತೋಚದಿದ್ದರೆ ಕೈಯಿಂದ ಜಾಗ ತೋರಿಸಿ.

ಕಲ್ಲು ಎಳೆಯುವ ಪಂದ್ಯವಲ್ಲ

ರಾಯಚೂರಿನಲ್ಲಿ ಕಾರಹುಣ್ಣಿಮೆ ಹೊತ್ತಿಗೆ ನಡೆಯುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ಹೆಚ್ಚು ದೂರ ಎಳೆದ ಜೋಡಿಗೆ ಬಹುಮಾನ. ಪಟ್ಟಿ ಹತ್ತಿದ ಕೂಡಲೇ ನಮ್ಮ ಗಂಡಸರಿಗೆ ಅದೇ ಗುಂಗು. ನನಗೂ ಅದೇ ಆಯಿತು.

ಮೊದಲ ಹಂತ ಸಲೀಸು. ಎರಡನೆಯದೂ ದಾಟಿದೆ. ಮೂರನೆಯದು ಶುರುವಾಗಿ ಸ್ವಲ್ಪ ಹೊತ್ತಿಗೆ ಆ ಮೊಣಕೈ ಬಂದು ಎದೆಯ ಮೇಲೆ ಕೂತಿತು. ಬಾಗಿಲ ಸಂದಿಯಿಂದ ಗದ್ವಾಲದ ವ್ಯಾಪಾರಿ ನೋಡುತ್ತಿದ್ದರು. "ಹ್ಯಾಂಗದ ಕಾಕಾ?" ಎಂದು ಅಲ್ಲಿದ್ದ ಹುಡುಗಿ ಕೇಳಿದಳು. "ಏನಿಲ್ಲವ್ವ, ನಡಸು" ಎಂದೆ. ಸುಳ್ಳು. ಅರ್ಧ ನಿಮಿಷ ಹಲ್ಲು ಕಚ್ಚಿ ನಡೆದೆ. ಆಗ ಪರದೆ ನೋಡುತ್ತಿದ್ದ ಡಾಕ್ಟರು ತಿರುಗಿ, "ಇಲ್ಲಿ ನೀವು ಗೆದ್ದರೆ ನಾನು ಸೋಲತೀನಿ. ನೋವದ ಏನು, ಖರೇ ಹೇಳ್ರಿ" ಎಂದರು.

"ಎದಿ ಹಿಡೀತದ್ರಿ. ಹೊಲದಾಗ ಹಿಡಿದಂಗ" ಎಂದೆ.

ಪಟ್ಟಿ ನಿಧಾನವಾಯಿತು, ನಿಂತಿತು. ಎಂಟು ನಿಮಿಷ ತುಂಬಿತ್ತು ಅಷ್ಟೇ. ಹಾಸಿಗೆಯ ಮೇಲೆ ಮಲಗಿಸಿ ನಾಲಿಗೆಯ ಕೆಳಗೆ ಒಂದು ಸಣ್ಣ ಗುಳಿಗೆ ಇಟ್ಟರು. ನೋವು ಇಳಿಯಿತು. ಆಮೇಲೆ ಅವರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. ಗೆರೆ ಅರ್ಧ ಹೇಳುತ್ತದೆ, ಉಳಿದರ್ಧ ರೋಗಿ ಹೇಳಬೇಕು. ಯಾವ ನಿಮಿಷದಲ್ಲಿ ಏನಾಯಿತು ಎಂಬ ರೋಗಿಯ ಮಾತೂ ರಿಪೋರ್ಟಿನ ಒಂದು ಸಾಲು. ಅದನ್ನು ನುಂಗಿದರೆ ರಿಪೋರ್ಟೇ ಸುಳ್ಳಾಗುತ್ತದೆ.

ನೋವು, ತಲೆಸುತ್ತು, ದಮ್ಮು ಬಂದರೆ ನಿಲ್ಲಿಸಿ ಎನ್ನುವ ಹಕ್ಕು ನಮಗಿದೆ. ನಾವು ಹೇಳದಿದ್ದರೂ ಬಿಪಿ ಏರುವ ಬದಲು ಇಳಿದರೆ, ಗೆರೆ ಬಹಳ ಕುಸಿದರೆ, ಲಯ ತಪ್ಪಿದರೆ ಅವರೇ ನಿಲ್ಲಿಸುತ್ತಾರೆ. ಆದರೆ ನಾವಾಗಿ ಪಟ್ಟಿಯಿಂದ ಜಿಗಿಯಬಾರದು, ಬಾಯಿಂದ ಹೇಳಬೇಕು. ಮುಂದಿನ ಸರಳನ್ನು ಬಿಗಿಯಾಗಿ ಹಿಡಿದು ಅದರ ಮೇಲೆ ಭಾರ ಹಾಕುವುದೂ ತಪ್ಪು. ಅದು ಕಾಲಿನ ದುಡಿಮೆಯನ್ನು ಕದ್ದಂತೆ.

'ಪಾಸಿಟಿವ್' ಎಂದರೆ ಸಿಹಿಸುದ್ದಿಯಲ್ಲ

ಕರೋನಾ ಬಂದುಹೋದ ಮೇಲೆ ಈ ಮಾತು ಎಲ್ಲರಿಗೂ ಗೊತ್ತು. ಪಾಸಿಟಿವ್ ಎಂದರೆ ದೋಷ ಕಾಣಿಸಿತು, ನೆಗೆಟಿವ್ ಎಂದರೆ ಕಾಣಿಸಲಿಲ್ಲ. ನನ್ನದು ಪಾಸಿಟಿವ್. ಹೈದರಾಬಾದಿನಲ್ಲಿ ಆಂಜಿಯೋಗ್ರಾಂ ಮಾಡಿ ನೋಡಿದರು. ಒಂದು ನಾಳ ಬಹಳ ಕಿರಿದಾಗಿತ್ತು. ಅಲ್ಲೇ ಸ್ಟೆಂಟ್ ಹಾಕಿದರು. ಗದ್ವಾಲದ ವ್ಯಾಪಾರಿಯದು ನೆಗೆಟಿವ್. ಅವರು ಒಂಬತ್ತು ನಿಮಿಷ ದಾಟಿ ನಡೆದಿದ್ದರು. ನೋವಿಲ್ಲದೆ, ಗೆರೆ ಕೆಡದೆ ಅಷ್ಟು ನಡೆದರೆ ಅದೇ ಒಂದು ಒಳ್ಳೆಯ ಸೂಚನೆ. ಆದರೂ ಡಾಕ್ಟರು ಗುಟಕಾ ಬಿಡಿಸಿ, ಸಕ್ಕರೆಗೆ ಗುಳಿಗೆ ಬರೆದರು. "ರಾಡನ್ನ ಬಗ್ಗಿಸಿ ನೋಡಿದ್ವಿ, ಮುರೀಲಿಲ್ಲ. ಹಂಗಂತ ಮಳ್ಯಾಗ ಬಿಟ್ರ ತುಕ್ಕು ಹಿಡಿಯೋದಿಲ್ಲೇನು?" ಎಂದು ಅವರೇ ನನಗೆ ಹೇಳಿ ನಕ್ಕರು.

ಈ ಪರೀಕ್ಷೆಯ ಮಿತಿ ತಿಳಿದಿರಬೇಕು. ಹಲವಾರು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ನಾಳ ನಿಜವಾಗಿಯೂ ಕಿರಿದಾದ ನೂರು ಮಂದಿಯಲ್ಲಿ ಸುಮಾರು 68 ಮಂದಿಯನ್ನು ಅದು ಹಿಡಿಯಿತು. ದೋಷವಿಲ್ಲದ ನೂರರಲ್ಲಿ ಸುಮಾರು 77 ಮಂದಿಯನ್ನು ಸರಿ ಎಂದಿತು. ಅಂದರೆ ತಪ್ಪುವುದೂ ಉಂಟು. ಹೆಣ್ಣುಮಕ್ಕಳಲ್ಲಿ ಸುಳ್ಳು ಪಾಸಿಟಿವ್ ಹೆಚ್ಚು. ಆದ್ದರಿಂದ ಪಾಸಿಟಿವ್ ಬಂದ ಕೂಡಲೇ ಹೊಲ ಮಾರಲು ಓಡಬೇಡಿ, ನೆಗೆಟಿವ್ ಬಂದ ಕೂಡಲೇ ಬೀಡಿ ಹಚ್ಚಬೇಡಿ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ತೀರಿಕೊಂಡಾಗ ಗಟ್ಟಿಮುಟ್ಟಾದ ಹುಡುಗರೂ ಎದೆ ಪರೀಕ್ಷೆಗೆ ದವಾಖಾನೆಗಳ ಮುಂದೆ ಸಾಲು ನಿಂತರು. 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗಲೂ ಹಾಗೇ ಆಯಿತು. ಭಯದಿಂದ ಮಾಡಿಸುವ ಪರೀಕ್ಷೆ ಇದಲ್ಲ. ಕಿರಿದಾದ ನಾಳ ಇದರಲ್ಲಿ ಕಂಡೀತು. ಆದರೆ ಸಣ್ಣ ಕೊಬ್ಬಿನ ಗಂಟೊಂದು ಒಡೆದು ಮೇಲೆ ರಕ್ತ ಹೆಪ್ಪುಗಟ್ಟಿದರೆ ನಿನ್ನೆ ನೆಗೆಟಿವ್ ಬಂದವನಿಗೂ ಇವತ್ತು ಹೃದಯಾಘಾತ ಆಗಬಹುದು. ದುಡಿದಾಗ ಎದೆ ಹಿಡಿದು ಕೂತಾಗ ಬಿಡುವವರಿಗೆ ಇದು ಮುಖ್ಯ ಪರೀಕ್ಷೆ. ಹೆಂಗಸರಲ್ಲಿ ಅದು ಬೆನ್ನಿಗೆ, ದವಡೆಗೆ, ಬರೀ ವಾಕರಿಕೆಗೂ ತೋರಬಹುದು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಕೂತಲ್ಲೇ ಎದೆ ಹಿಡಿದು, ಬೆವರು ಕಿತ್ತು, ಕೆಲವು ನಿಮಿಷವಾದರೂ ಬಿಡದಿದ್ದರೆ ಅದು ಟಿಎಂಟಿಯ ಹೊತ್ತಲ್ಲ. ಕೂಡಲೇ 108ಕ್ಕೆ ಫೋನ್ ಮಾಡಬೇಕು. ಆ ನಂಬರ್ ಹೊಳೆಯ ಎರಡೂ ದಂಡೆಯಲ್ಲಿ ಒಂದೇ. ಹೃದಯಾಘಾತವಾದ ಮೊದಲೆರಡು ದಿನ, ಬಿಪಿ ವಿಪರೀತ ಏರಿದ್ದಾಗ, ಜ್ವರದಲ್ಲಿ ಈ ಪರೀಕ್ಷೆ ಮಾಡುವುದಿಲ್ಲ. ಮೊಣಕಾಲು ನೋವಿನಿಂದ ನಡೆಯಲಾಗದವರಿಗೆ ಇಂಜೆಕ್ಷನ್ ಕೊಟ್ಟು ಬಡಿತ ಏರಿಸಿ ನೋಡುವ ಬೇರೆ ಪರೀಕ್ಷೆ ಉಂಟು.

ಕಾರ್ಡು ಯಾವ ದಂಡೆಯದು?

ಗದ್ವಾಲ, ಆಲಂಪುರ ತಾಲೂಕುಗಳು 1956ರ ತನಕ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರೋಗ ಬಂದಾಗ ಕಾಲು ಇಂದಿಗೂ ಅತ್ತಲೇ ಹೋಗುತ್ತದೆ. ಆದರೆ ಕಾರ್ಡಿಗೆ ಗಡಿ ಉಂಟು. ನನ್ನ ಪರೀಕ್ಷೆ ರಾಯಚೂರಿನಲ್ಲಿ ಕೈಯಿಂದ ರೊಕ್ಕ ಕೊಟ್ಟು ಆಯಿತು. ಸ್ಟೆಂಟ್ ಮಾತ್ರ ಆರೋಗ್ಯಶ್ರೀ ಕಾರ್ಡಿನ ಮೇಲೆ ಹೈದರಾಬಾದಿನಲ್ಲಿ ಆಯಿತು. ಆ ಯೋಜನೆಯ ಮಿತಿಯನ್ನು ತೆಲಂಗಾಣ ಸರ್ಕಾರ 2023ರ ಡಿಸೆಂಬರ್‌ನಲ್ಲಿ 10 ಲಕ್ಷ ರೂಪಾಯಿಗೆ ಏರಿಸಿತು. ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೆ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಯ ಹೊಸ ಕಟ್ಟಡ ಬಂದಿದೆ. ನಾರಾಯಣಪೇಟೆಯವರಿಗೆ ಅದೂ ದೂರವೇನಲ್ಲ. ಯಾವ ಕಾರ್ಡು ಎಲ್ಲಿ ನಡೆಯುತ್ತದೆ, ಪರೀಕ್ಷೆಗೆ ನಡೆಯುತ್ತದೆಯೋ ಆಪರೇಷನ್ನಿಗೆ ಮಾತ್ರವೋ ಎಂದು ಹೊರಡುವ ಮುಂಚೆ ಫೋನಿನಲ್ಲೇ ಕೇಳಿ. ಸ್ವಂತ ರೊಕ್ಕ ಕೊಡುವವರು ಸ್ಟೆಂಟಿಗೆ ಸರ್ಕಾರ ಗರಿಷ್ಠ ದರ ಕಟ್ಟಿದೆ ಎಂಬುದನ್ನು ನೆನಪಿಡಿ. 2017ರ ಫೆಬ್ರವರಿಯಲ್ಲಿ ಮೊದಲು ಗೊತ್ತುಮಾಡಿದಾಗ ಔಷಧಿ ಲೇಪದ ಸ್ಟೆಂಟಿಗೆ ತೆರಿಗೆ ಬಿಟ್ಟು 29,600 ರೂಪಾಯಿ ಇತ್ತು. ಬಿಲ್ಲಿನಲ್ಲಿ ಸ್ಟೆಂಟಿನ ದರ ಬೇರೆ ಬರೆಸಿಕೊಳ್ಳಿ.

ಈಗ ನಾನು ದಿನಾ ಬೆಳಿಗ್ಗೆ ಹೊಲದ ತನಕ ನಡೆದೇ ಹೋಗುತ್ತೇನೆ. ಗುಳಿಗೆ ತಪ್ಪಿಸುವುದಿಲ್ಲ. ಎಣ್ಣೆಯ ಪಂಪು ಮಗ ಹೊರುತ್ತಾನೆ. ಆ ದಿನ ಇನ್ನೆರಡು ನಿಮಿಷ "ಏನಿಲ್ಲವ್ವ" ಎಂದಿದ್ದರೆ, ಅದಕ್ಕೂ ಮುಂಚೆ ಆ ನೋವನ್ನು ಇನ್ನೆರಡು ತಿಂಗಳು ಗ್ಯಾಸ್ ಎಂದೇ ಕರೆದಿದ್ದರೆ, ಈ ಬರಹ ಇರುತ್ತಿರಲಿಲ್ಲ. ರೈತರೇ, ವ್ಯಾಪಾರಸ್ಥರೇ, ಚೀಟಿ ಬರೆದರೆ ಹೆದರದೆ ಹೋಗಿರಿ. ಬೂಟು ಹಾಕಿಕೊಂಡು ಹೋಗಿರಿ. ಪಟ್ಟಿಯ ಮೇಲೆ ಎದೆ ಹಿಡಿದರೆ ಹಿಡೀತದ ಅನ್ನಿರಿ. ಕನ್ನಡದಲ್ಲಾದರೂ ಸರಿ, ತೆಲುಗಿನಲ್ಲಾದರೂ ಸರಿ.